ಕೊರಕಲಿನ ಆಚೆ ಬದಿ

ಮೋಡ ಇಳಿಯುವಾಗಲೇ ಬೆಟ್ಟದ ಫೋಟೋ ತೆಗೆಯಬೇಕು ಎನ್ನುವ ಹುಚ್ಚು ನನ್ನದು. ಸುಡುಬಿಸಿಲಿನಲ್ಲಿ ತೆಗೆದ ಬೆಟ್ಟ ಉಪ್ಪಿಲ್ಲದ ಸಾರಿನಂತಿರುತ್ತದೆ. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ವಿಶಾಖಪಟ್ಟಣಕ್ಕೆ ಬಂದವನು ಇಲ್ಲಿಯ ಹೈಮಾವತಿಯನ್ನೇ ಮದುವೆಯಾಗಿ ಎಂವಿಪಿ ಕಾಲೋನಿಯಲ್ಲಿ ಬೇರೂರಿದೆ. ಮಳೆಗಾಲದ ಭಾನುವಾರಗಳಲ್ಲಿ ಹೈಸ್ಕೂಲಿನಲ್ಲಿ ಓದುವ ಮಗಳು ಪ್ರತ್ಯೂಷಾಳನ್ನು ಕರೆದುಕೊಂಡು ಅರಕು ಕಡೆಯ ಬೆಟ್ಟಗಳಿಗೆ ಹೊರಡುತ್ತೇನೆ. ಅವಳಿಗೆ ನಾನು ಕಲಿಸಿದ್ದು ಒಂದೇ ಪಾಠ: ಮಂಜು ಕವಿದರೆ ನನ್ನ ದನಿ ಹಿಡಿದು ನಡೆದು ಬಾ.

ಅವತ್ತು ಟ್ರೈಪಾಡ್ ಹತ್ತಿರ ಅವಳನ್ನು ನಿಲ್ಲಿಸಿ, ಬೆಟ್ಟದ ನೆತ್ತಿ ಬಳಸಿಕೊಂಡು ಆಳವಾದ ಕೊರಕಲಿನ ಆಚೆ ಬದಿಗೆ ಹೋದೆ. ಅಲ್ಲಿ ಬಂಡೆಯ ಸಂದಿನಲ್ಲಿ ಪುಟ್ಟ ನೇರಳೆ ಹೂಗಳು ಅರಳಿದ್ದವು. ಬೋರಲು ಮಲಗಿ, ಹೂವಿನ ಅಲುಗಾಟ ನಿಲ್ಲಲೆಂದು ಉಸಿರು ಹಿಡಿದು ಕಾದೆ. ತಲೆಯೆತ್ತಿದಾಗ ಬೆಟ್ಟವಿರಲಿ, ನನ್ನ ಕೈಯೇ ನನಗೆ ಕಾಣಲಿಲ್ಲ.

ಮಗಳು ಅಪ್ಪಾ ಎಂದು ಕರೆದಳು. "ಅಲ್ಲೇ ನಿಂತ್ಕೋ, ಬರ್ಬೇಡ" ಎಂದು ಕೂಗಿದೆ. ಮಾತು ಗಾಳಿಗೆ ಹೋಯಿತು, ಅವಳಿಗೆ ತಲುಪಿದ್ದು ಬರಿಯ ದನಿ. ಅವಳ ಹೆಜ್ಜೆಗೆ ಕಲ್ಲುಗಳು ಉರುಳಿ ಕೊರಕಲಿಗೆ ಬೀಳುವುದು ಕೇಳಿಸಿತು. ನಾನು ಇನ್ನೊಮ್ಮೆ ಬಾಯಿ ಬಿಟ್ಟರೆ ಮಗಳು ನೇರ ಆ ಕೊರಕಲಿಗೇ ನಡೆದು ಬರುತ್ತಾಳೆ.

ಬಾಯಿ ಮುಚ್ಚಿಕೊಂಡೆ. ಅವಳು ಕರೆಯುತ್ತಲೇ ಇದ್ದಳು. ಅಪ್ಪಾ ಎನ್ನುತ್ತಿದ್ದವಳು ಅಳುತ್ತಾ ತಾಯಿಯ ತೆಲುಗಿಗೆ ಜಾರಿ ನಾನ್ನಾ, ನಾನ್ನಾ ಎಂದಳು. ಹಾಳು ಹೂವು, ಹಾಳು ಕ್ಯಾಮೆರಾ, ಎಲ್ಲಕ್ಕಿಂತ ಹಾಳು ನಾನು ಎಂದು ಶಪಿಸಿಕೊಂಡೆ. ಬಳಸಿಕೊಂಡು ಹೋಗೋಣವೆಂದರೆ ಕಾಲಿಡುವ ಜಾಗವೇ ಕಾಣದು.

ಇದ್ದಕ್ಕಿದ್ದಂತೆ ಕಲ್ಲುಗಳು ಮತ್ತೆ ಉರುಳಿದವು. ಅವಳ ದನಿ ನಿಂತುಹೋಯಿತು. ಇದ್ದೀಯಾ ಎಂದು ಕೂಗಿ ಕೇಳುವಂತಿಲ್ಲ, ಕೇಳದೆ ಇರಲೂ ಆಗುತ್ತಿಲ್ಲ. ಅಂಥ ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಹೈಮಾವತಿಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕೊನೆಗೆ ಗಾಳಿ ದಿಕ್ಕು ಬದಲಿಸಿತು. ಮಂಜು ಹರಿದು ಮೊದಲು ಟ್ರೈಪಾಡ್ ಕಂಡಿತು, ಪಕ್ಕದಲ್ಲಿ ಯಾರೂ ಇಲ್ಲ. ಕಣ್ಣು ಕೆಳಗಿಳಿಸಲು ಧೈರ್ಯ ಸಾಲಲಿಲ್ಲ, ಆದರೂ ಇಳಿಸಿದೆ. ಕೊರಕಲಿನ ಅಂಚಿನಲ್ಲೇ ಒಂದು ಪೊದೆಯನ್ನು ಅವುಚಿ ಹಿಡಿದು ಕೂತಿದ್ದಳು. ಬಾಯಿಗೆ ದುಪಟ್ಟಾ ತುರುಕಿಕೊಂಡಿದ್ದಳು.

ಬಿದ್ದೆನೋ ಎದ್ದೆನೋ ಎಂದು ನೆತ್ತಿ ಬಳಸಿ ಓಡಿಹೋಗಿ ಅವಳನ್ನು ಈಚೆಗೆ ಎಳೆದುಕೊಂಡೆ.

"ಯಾಕಮ್ಮಾ ಕರೆಯೋದು ನಿಲ್ಲಿಸ್ಬಿಟ್ಟೆ?"

ಅವಳು ಬಾಯಿಂದ ಬಟ್ಟೆ ತೆಗೆದಳು.

"ಕಾಲ ಕೆಳಗೆ ನೆಲಾನೇ ಇರ್ಲಿಲ್ಲಪ್ಪ. ಕರೆದ್ರೆ ನೀನು ಬಂದ್ಬಿಡ್ತೀಯ ಅಂತ."