ಶಟರ್ ಮೇಲಿನ ಶಕೀಲಾ

ನಮ್ಮ ಗಲ್ಲಿಗೆ ಈಗ ‘ಕಂಟೋನ್ಮೆಂಟ್ ಕ್ರಾಫ್ಟ್ ಸ್ಟ್ರೀಟ್’ ಎಂದು ಹೆಸರು. ಹಳೆಯ ಹೆಸರು ಯಾರಿಗೆ ಕಚ್ಚುತ್ತಿತ್ತೋ ನನಗೆ ತಿಳಿಯದು. ಮೋರಿ ಕಟ್ಟಿಕೊಂಡೇ ಇದೆ, ಗೋಡೆಗಳಿಗೆ ಮಾತ್ರ ಬಣ್ಣ ಬಂದಿದೆ. ‘ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಕಣೇ’ ಎಂದು ಪಕ್ಕದ ಹೂವಿನಂಗಡಿಯ ಅಲಮೇಲು ನಕ್ಕಳು.

ನನ್ನದು ಸಾಣೆ ಅಂಗಡಿ. ಶಿವಾಜಿನಗರದ ಅರ್ಧ ಜನರ ಚೂರಿ, ಕತ್ತರಿ ಹರಿತವಾಗುವುದು ನನ್ನ ಕೈಯಲ್ಲೇ. ಗಲ್ಲಿ ಅಂದಗೊಳಿಸುವ ಯೋಜನೆಯವರು ಶಟರ್ ಮೇಲೆ ನನ್ನ ಚಿತ್ರ ಬರೆದು, ಕೆಳಗೆ ‘ಶಕೀಲಾ, ಸಾಣೆಗಾರ್ತಿ’ ಎಂದೂ ಬರೆದರು. ಸುಳ್ಳೇಕೆ ಹೇಳಲಿ, ಖುಷಿಯಾಯಿತು. ಮೂಗಂತೂ ನನ್ನದಕ್ಕಿಂತ ಚೆನ್ನಾಗಿತ್ತು.

ಬಣ್ಣ ಬಳಿದ ಗಲ್ಲಿಯ ಉದ್ಘಾಟನೆಯನ್ನು ಬಕ್ರೀದ್ ಹಿಂದಿನ ದಿನಕ್ಕೇ ಇಟ್ಟರು. ಇಡೀ ಮೊಹಲ್ಲಾ ಕುರ್ಬಾನಿಯ ಚೂರಿಗಳನ್ನು ಮೊದಲೇ ನನ್ನಲ್ಲಿ ಬಿಟ್ಟು, ಸಾಣೆ ಹಿಡಿಸಿ ಅವತ್ತು ಒಯ್ಯುವುದು ನನ್ನ ಮಾವನ ಕಾಲದ ರೂಢಿ. ಬೆಳಗ್ಗೆ ಬೀಗ ತೆಗೆಯಲು ಹೋದರೆ, ಯೋಜನೆಯ ಹುಡುಗಿ ಶರ್ವಾಣಿ ಶಟರ್‌ಗೆ ಅಡ್ಡಲಾಗಿ ಕೆಂಪು ರಿಬ್ಬನ್ ಕಟ್ಟಿಸುತ್ತಿದ್ದಳು.

‘ಆಂಟಿ, ಇವತ್ತು ಕ್ಲೋಸ್ ಇರ್ಲಿ ಪ್ಲೀಸ್. ಇನ್ಮೇಲೆ ಶನಿವಾರ, ಭಾನುವಾರಾನೂ. ಶಟರ್ ಎತ್ತಿದ್ರೆ ಪೇಂಟಿಂಗೇ ಕಾಣಲ್ಲ. ಜನ ನಿಮ್ಮನ್ನ ನೋಡೋಕೇ ಬರ್ತಾರೆ!’

‘ನಾನು ಇಲ್ಲೇ ನಿಂತಿದೀನಲ್ಲಮ್ಮಾ, ನೋಡ್ಲಿ.’

ಅವಳು ನಗಲಿಲ್ಲ. ಇವತ್ತು ಕೈಕೊಟ್ಟರೆ ಜನ ಬೇರೆ ಕಡೆ ಹೋಗುತ್ತಾರೆ, ಹೋದವರು ಮತ್ತೆ ನನ್ನ ಬಾಗಿಲಿಗೆ ಬರುವುದಿಲ್ಲ.

ಅತಿಥಿಗಳು ಬಂದರು, ಕ್ಯಾಮೆರಾಗಳು ಬಂದವು. ಎದುರಿನ ಫುಟ್‌ಪಾತ್ ಮೇಲೆ ನನ್ನ ಗಿರಾಕಿಗಳು ಕಾಯುತ್ತಿದ್ದರು.

‘ಆಪಾ, ಚೂರಿ ಒಳಗೇ ಇದೆ,’ ರಿಜ್ವಾನ್ ಭಾಯಿ ಕೂಗಿದರು. ‘ನಾಳೆ ನಮಾಜ್ ಆದ್ಮೇಲೆ ನಾವೇನ್ ಮಾಡೋದು?’

ಅತಿಥಿ ಬಂಗಾರದ ಬಣ್ಣದ ಕತ್ತರಿ ಎತ್ತಿದರು. ರಿಬ್ಬನ್ ತುಂಡಾಗಲಿಲ್ಲ, ಮಡಚಿಕೊಂಡಿತು. ಇನ್ನೊಮ್ಮೆ ಒತ್ತಿದರು, ಮತ್ತೂ ಮಡಚಿಕೊಂಡಿತು. ನನ್ನ ಅಂಗಡಿಯ ಮುಂದೆ, ನನ್ನ ಚಿತ್ರದ ಕೆಳಗೆ ಮೊಂಡು ಕತ್ತರಿ! ಪಿತ್ತ ನೆತ್ತಿಗೇರಿತು.

‘ಸ್ವಲ್ಪ ಸರೀರಿ’ ಎಂದು ನುಗ್ಗಿ ಬೀಗ ತೆಗೆದು, ಎರಡೂ ಕೈಯಿಂದ ಶಟರ್ ಎತ್ತಿದೆ. ರಿಬ್ಬನ್ ಕಿತ್ತುಬಂತು. ಚೆಂದದ ಮೂಗಿನ ಶಕೀಲಾ ಸುರುಳಿ ಸುತ್ತಿಕೊಂಡು ಮೇಲೆ ಹೋದಳು.

‘ಆಂಟೀ, ಪ್ರೋಗ್ರಾಂ!’ ಶರ್ವಾಣಿ ಚೀರಿದಳು.

‘ಆ ಶಕೀಲಾ ಕೆಲ್ಸ ಮಾಡಲ್ಲಮ್ಮಾ. ನಾನು ಮಾಡ್ಬೇಕು.’

ಮೋಟಾರ್ ಹಾಕಿದೆ. ಕಿಡಿ ಹಾರತೊಡಗಿತು. ಗಿರಾಕಿಗಳೆಲ್ಲ ರಸ್ತೆ ದಾಟಿ ಬಂದು ಸಾಲು ನಿಂತರು. ಅತಿಥಿ ಮಾತ್ರ ಕತ್ತರಿ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು.

‘ಅದಕ್ಕೂ ಸಾಣೆ ಬೇಕು ಸಾರ್,’ ಎಂದೆ. ‘ಲೈನಲ್ಲಿ ಬನ್ನಿ. ರಿಜ್ವಾನ್ ಭಾಯಿ ಹಿಂದೆ.’