ಕೊಲೆ ಮಾಡಿದ್ದು ತಂಗಿ

ಹಲ್ಲಿನ ಡಾಕ್ಟರಿಗೆ ಸಿನಿಮಾದ ಹುಚ್ಚೇನೂ ಇರಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹೆಂಡತಿ "ಹೋಗೋಣ್ವಾ?" ಅಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುವರು, ಅಷ್ಟೇ. ಯಾವ ಚಿತ್ರ, ಯಾರ ಚಿತ್ರ ಎಂದು ಕೇಳಿದವರಲ್ಲ. ಆದರೆ ನೋಡಿ ಬಂದ ಮೇಲೆ ಅದರ ಬಗ್ಗೆ ನಾಲ್ಕು ಮಾತಾಡದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಆ ವಿಷಯದಲ್ಲಿ ಅವರಿಗಿದ್ದ ಅನುಕೂಲ ಯಾವ ವಿಮರ್ಶಕನಿಗೂ ಇದ್ದಿರಲಾರದು. ಕೇಳುವವರು ಕುರ್ಚಿಯಲ್ಲಿ ಅಂಗಾತ ಮಲಗಿರುತ್ತಿದ್ದರು, ಬಾಯಿ ತೆರೆದಿರುತ್ತಿತ್ತು, ಬಾಯಿ ತುಂಬ ಹತ್ತಿ ಇರುತ್ತಿತ್ತು. ಎದುರುಮಾತು ಬರುವ ಪ್ರಶ್ನೆಯೇ ಇರಲಿಲ್ಲ.

"ಈ ಹಾರಾಡೋರ ಸಿನಿಮಾ ಇದೆಯಲ್ಲ," ಎಂದು ಅವರು ಪುಟ್ಟ ಕನ್ನಡಿಯನ್ನು ದವಡೆಯ ಮೂಲೆಗೆ ತೂರಿಸುತ್ತಾ ಶುರು ಮಾಡುವರು. "ಲೋಕ ಉಳಿಸ್ತೀನಿ ಅಂತ ಬರ್ತಾನೆ. ಬಂದವನು ಮೊದಲು ಮಾಡೋ ಕೆಲಸ ಏನು? ಒಂದಿಷ್ಟು ಕಟ್ಟಡ ಕೆಡವೋದು. ಇವನು ಮನೇಲೇ ಬಿದ್ದಿದ್ದಿದ್ರೆ ಊರು ನೆಟ್ಟಗಿರ್ತಿತ್ತು. ಅಲ್ವಾ?"

"ಆ," ಎನ್ನುವರು ಕುರ್ಚಿಯಲ್ಲಿದ್ದವರು.

"ಅಷ್ಟು ಗುದ್ದು ತಿಂತಾರೆ, ಒಬ್ಬನ ಹಲ್ಲೂ ಅಲ್ಲಾಡಲ್ಲ. ದವಡೆಗೆ ಬಸ್ಸು ಎತ್ತಿ ಹೊಡೆದ್ರೂ ಮುಂದಿನ ಸೀನಲ್ಲಿ ಹಲ್ಲು ಕಿರೀತಾ ನಿಂತಿರ್ತಾನೆ. ಬಸ್ಸು ಅಂದ್ರೆ ಏನು ಅನ್ಕೊಂಡಿದ್ದಾರೆ ಇವರು?"

"ಆ."

ಇಷ್ಟು ಒಮ್ಮತ ಸಿಕ್ಕ ಮೇಲೆ ಡಾಕ್ಟರ ಕೈ ಇನ್ನೂ ಹಗುರವಾಗುತ್ತಿತ್ತು. ಅವರು ಕೆಲಸದಲ್ಲಿ ಗಟ್ಟಿಗರು ಎಂಬುದರಲ್ಲಿ ಎರಡು ಮಾತಿಲ್ಲ. ಆದ್ದರಿಂದಲೇ ಜನ ಹಲ್ಲು ಕೀಳಿಸಿಕೊಳ್ಳಲು ಬಂದು, ಕಥೆಯನ್ನೂ ಸಹಿಸಿಕೊಂಡು ಹೋಗುತ್ತಿದ್ದರು.

ಒಂದು ಸೋಮವಾರ ಮಧ್ಯಾಹ್ನ ಆ ಕುರ್ಚಿಯಲ್ಲಿ ಬಂದು ಮಲಗಿದವರು ಅಗ್ನಿಶಾಮಕ ಠಾಣೆಯ ಅಧಿಕಾರಿ. ಊರಿಗೆಲ್ಲ ಅವರು ಫೈರ್ ಸಾಹೇಬರು. ಎರಡಾಳು ಗಾತ್ರದ ದೇಹ, ಪೊದೆಯಂಥ ಮೀಸೆ. ಹೊತ್ತಿ ಉರಿಯುವ ಗೋದಾಮಿನೊಳಕ್ಕೆ ನುಗ್ಗಿದವರು. ಹಲ್ಲಿನ ಸೂಜಿಗೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಅವರಿಗಿದ್ದ ಒಂದೇ ಚಟ ಕೊಲೆ ಸಿನಿಮಾ. ಹೊಸದೊಂದು ಬಂದರೆ ತಾನು ನೋಡುವ ತನಕ ಠಾಣೆಯಲ್ಲಿ ಯಾರೂ ಅದರ ಸುದ್ದಿ ಎತ್ತಕೂಡದು. ಅಂಥದ್ದೊಂದು ಹೊಸ ಚಿತ್ರದ ಆ ಸಂಜೆಯ ಆಟಕ್ಕೆ ಹೆಂಡತಿಗೂ ಸೇರಿಸಿ ಟಿಕೆಟ್ ತೆಗೆದಿಟ್ಟಿದ್ದರು.

"ನೋವಾದ್ರೆ ಎಡಗೈ ಎತ್ತಿ," ಎಂದು ಹೇಳಿ ಡಾಕ್ಟರು ಸೂಜಿ ಚುಚ್ಚಿ, ಹತ್ತಿ ತುರುಕಿ, ಕೊರೆಯುವ ಯಂತ್ರ ಕೈಗೆತ್ತಿಕೊಂಡರು. "ನಿನ್ನೆ ಒಂದು ಕೊಲೆ ಸಿನಿಮಾಗೆ ಹೋಗಿದ್ವಿ. ದೊಡ್ಡ ಮನೆ, ಅಣ್ಣ ಸತ್ತು ಬಿದ್ದಿರ್ತಾನೆ."

ಫೈರ್ ಸಾಹೇಬರ ಕಣ್ಣು ಅಗಲವಾದವು. ಅವರು ಎಡಗೈ ಎತ್ತಿದರು.

"ನೋವಾ? ಇನ್ನೊಂಚೂರು ಕೊಡ್ತೀನಿ ಇರಿ," ಎಂದು ಡಾಕ್ಟರು ಇನ್ನೊಂದು ಸೂಜಿ ಚುಚ್ಚಿದರು. "ಮನೇಲಿ ಒಬ್ಬಳು ತಂಗಿ, ಒಬ್ಬ ವಕೀಲ, ಗಾಲಿಕುರ್ಚೀಲಿ ಕೂತಿರೋ ಒಬ್ಬ ಚಿಕ್ಕಪ್ಪ."

ಸಾಹೇಬರು ಎರಡೂ ಕೈ ಎತ್ತಿದರು. ಕಾಲೂ ಆಡಿಸಿದರು. ನರ್ಸಮ್ಮ ಬಂದು ಅವರ ಹೆಗಲು ಒತ್ತಿ ಹಿಡಿದು, "ಆಯ್ತು ಸಾರ್, ಆಗೋಯ್ತು," ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಡಾಕ್ಟರು ಮೂರನೇ ಸೂಜಿ ತುಂಬಿಕೊಂಡರು.

"ನನಗಂತೂ ಮೊದಲ ಸೀನಲ್ಲೇ ಗೊತ್ತಾಯ್ತು. ಕೊಲೆ ಮಾಡಿದ್ದು ತಂಗಿ."

ಕೈಗಳು ಮೆಲ್ಲಗೆ ಕೆಳಗಿಳಿದವು. ಡಾಕ್ಟರು ಮದ್ದು ಹತ್ತಿತು ಎಂದುಕೊಂಡರು.

ಒಂದು ವಾರ ಬಿಟ್ಟು ಅದೇ ಹಲ್ಲಿನ ಉಳಿದ ಕೆಲಸಕ್ಕೆ ಫೈರ್ ಸಾಹೇಬರು ಬಂದರು. ಬಂದವರು ಕುರ್ಚಿ ಏರಲಿಲ್ಲ. ಹೊರಗೆ ಕಾಯುವ ಕೋಣೆಯಲ್ಲೇ, ನಾಲ್ಕು ಜನರ ಎದುರಿಗೆ ಡಾಕ್ಟರನ್ನು ನಿಲ್ಲಿಸಿಕೊಂಡರು.

"ಡಾಕ್ಟ್ರೇ, ಬಾಯಿಗೆ ಹತ್ತಿ ಹಾಕೋ ಮುಂಚೆ ಒಂದು ಮಾತು. ಕೊಲೆ ಮಾಡಿದ್ದು ತಂಗಿ ಅಂದ್ರಲ್ಲ?"

"ಹೌದು. ತಂಗೀನೇ."

"ಇಂಟರ್ವಲ್ ಆಗಿ ಸ್ವಲ್ಪ ಹೊತ್ತಿಗೆ ಆ ತಂಗಿನೂ ಸತ್ತೋದ್ಲು."

"ಅದು ನಾಟಕ," ಎಂದರು ಡಾಕ್ಟರು.

"ನಾನೂ ಹಾಗೇ ಅನ್ಕೊಂಡೆ. ನಿಮ್ಮ ಮೂರು ಇಂಜೆಕ್ಷನ್ನಿಗೆ ನನ್ನ ಅರ್ಧ ಬಾಯಿ ಸತ್ತಿತ್ತು. ಪಕ್ಕದಲ್ಲಿ ಇವಳಿಗೆ 'ಸತ್ತಿಲ್ಲ, ಅವಳು ಸತ್ತಿಲ್ಲ' ಅಂತ ಹೇಳೋಕೆ ಹೋದ್ರೆ 'ಹತ್ತಿಲ್ಲ, ಹತ್ತಿಲ್ಲ' ಅಂತ ಬರ್ತಿತ್ತು. ಇವಳು ಹತ್ತಿ ಕೇಳ್ತಿದ್ದಾರೆ ಅಂತ ಪರ್ಸೆಲ್ಲಾ ಹುಡುಕಿದ್ಲು. ಆಮೇಲೆ ಹೆಣ ಮಣ್ಣು ಮಾಡಿದ್ರು. ಆಗಲೂ ನಾನು ಗುಂಡಿಯಿಂದ ಎದ್ದು ಬರ್ತಾಳೆ ಅಂತ ಕಣ್ಣು ಮಿಟುಕಿಸದೆ ಕೂತೆ. ಕೊನೆಗೆ ಆ ಚಿಕ್ಕಪ್ಪ ಗಾಲಿಕುರ್ಚಿ ಬಿಟ್ಟು ಎದ್ದು ನಿಂತ ನೋಡಿ, ನಾನೂ ಸೀಟಿಂದ ಎದ್ದು ನಿಂತುಬಿಟ್ಟೆ. ಹಿಂದಿನೋರು ಬೈದ್ರು."

ಕಾಯುತ್ತಿದ್ದವರಲ್ಲಿ ಒಬ್ಬರಾದ ನಿವೃತ್ತ ಮುಖ್ಯೋಪಾಧ್ಯಾಯಿನಿ ದವಡೆ ಹಿಡಿದುಕೊಂಡೇ ನಕ್ಕರು. "ನನಗೂ ಹೋದ ಸಲ ದೆವ್ವ ಅಂದಿದ್ರು. ಅದರಲ್ಲಿ ದೆವ್ವವೇ ಇರಲಿಲ್ಲ."

ಡಾಕ್ಟರ ಕಿವಿ ಕೆಂಪಾಯಿತು. "ನಾನು ಕಣ್ಣಾರೆ ನೋಡಿದ್ದೀನಿ. ತಂಗಿ ಅಡುಗೆಮನೆಯಿಂದ ಕೈ ಒರೆಸ್ಕೊಂಡು ಬರ್ತಾಳೆ, ಎಲ್ಲಾರ ಮುಂದೆ ಒಪ್ಕೋತಾಳೆ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ. ನರ್ಸಮ್ಮ, ಅವಳನ್ನ ಕರಿ."

ಡಾಕ್ಟರ ಹೆಂಡತಿಯ ಕನ್ನಡಕದ ಅಂಗಡಿ ಅದೇ ಕಟ್ಟಡದ ಕೆಳಗಿತ್ತು. ಅವರು ಗಾಜು ಒರೆಸುವ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಮೇಲೆ ಬಂದರು. ಎಲ್ಲರ ಮುಖ ನೋಡಿದರು. ಗಂಡ ಕೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ರೀ, ಇಲ್ಲೇ ಹೇಳ್ಲಾ?"

"ಹೇಳು. ನನಗೇನು ಭಯ?"

"ಇಂಟರ್ವಲ್ ಆದ ಮೇಲೆ ನೀವು ಇವತ್ತಿನ ತನಕ ಒಂದು ಸಿನಿಮಾನೂ ನೋಡಿಲ್ಲ. ಪಾಪ್‌ಕಾರ್ನ್ ಖಾಲಿ ಆಗುತ್ತೆ, ತಣ್ಣಗೆ ಗಾಳಿ ಬರುತ್ತೆ, ನೀವು ಮಲಗ್ತೀರಿ. ದೀಪ ಹಾಕಿದಾಗ ಎದ್ದು 'ಪರವಾಗಿಲ್ಲ, ಎಳೆದ್ಬಿಟ್ಟಿದ್ದಾರೆ' ಅಂತೀರಿ."

ಕೋಣೆಯಲ್ಲಿ ನಗು ಹೊತ್ತಿಕೊಂಡಿತು. ನರ್ಸಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಹೆಗಲು ಮಾತ್ರ ಕುಣಿಯುತ್ತಿತ್ತು.

"ಹಾಗಿದ್ರೆ ಇಷ್ಟು ದಿನ ಯಾಕೆ ಎಬ್ಬಿಸ್ಲಿಲ್ಲ?" ಎಂದು ಡಾಕ್ಟರು ಸಣ್ಣ ದನಿಯಲ್ಲಿ ಕೇಳಿದರು.

"ಎಬ್ಬಿಸಿದ್ರೆ ಮಾತಾಡ್ತೀರಿ," ಎಂದು ಹೇಳಿ ಅವರು ಮೆಟ್ಟಿಲಿಳಿದು ಹೋದರು.

ಆ ದಿನ ಡಾಕ್ಟರು ಬಾಯಿಗೆ ಬೀಗ ಹಾಕಿಕೊಂಡು ಹಲ್ಲು ತುಂಬಿದರು. ತಾನು ಕಂಡದ್ದು ಕನಸು ಎಂದು ಒಪ್ಪಿಕೊಳ್ಳಲು ಅವರ ಮನಸ್ಸು ಸುತರಾಂ ಸಿದ್ಧವಿರಲಿಲ್ಲ. ಆ ತಂಗಿಯ ಮುಖ ಈಗಲೂ ಕಣ್ಣಿಗೆ ಕಟ್ಟಿತ್ತು. ಯೋಚಿಸಿ ನೋಡಿದರೆ ಅದು ಅವರ ಸ್ವಂತ ತಂಗಿಯ ಮುಖದಂತೆಯೇ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಅವರು ಛಲಕ್ಕೆ ಬಿದ್ದರು. ಊಟ ಅರ್ಧಕ್ಕೇ ನಿಲ್ಲಿಸಿದರು, ಕಾಫಿಯ ಮೇಲೆ ಕಾಫಿ ಕುಡಿದರು. ಅದು ಹಾರಾಡುವವರ ಚಿತ್ರ. ಇಂಟರ್ವಲ್ ಆಯಿತು; ಡಾಕ್ಟರು ಎಚ್ಚರವಾಗಿದ್ದರು. ಆಕಾಶದಿಂದ ನೀಲಿ ಬೆಳಕು ಬಿತ್ತು, ಆಗಲೂ ಎಚ್ಚರವಾಗಿದ್ದರು. ಎಚ್ಚರವಾಗಿದ್ದ ಮೇಲೆ ಸುಮ್ಮನಿರುವುದು ಹೇಗೆ?

"ಇವನು ಈಗ ತಾನೇ ಸತ್ತಿದ್ನಲ್ಲ?"

"ಇನ್ನೊಂದು ಲೋಕದಿಂದ ಬಂದಿದ್ದಾನೆ ರೀ. ಸುಮ್ನಿರಿ."

"ಹಂಗಾದ್ರೆ ಇವನು ಅವನಲ್ಲ?"

"ಅವನೇ. ಬೇರೆಯವನು."

"ಅವನ ಹೆಂಡ್ತಿಗೆ ಹೇಗೆ ಗೊತ್ತಾಗುತ್ತೆ? ಹಲ್ಲು ನೋಡಿದ್ರೆ ಗೊತ್ತಾಗುತ್ತೆ, ಬಿಡು. ಎಷ್ಟೇ ಲೋಕ ಇರಲಿ, ಒಬ್ಬರ ಹಲ್ಲು ಇನ್ನೊಬ್ಬರಿಗಿರಲ್ಲ."

ಹೆಂಡತಿ ಕತ್ತಲಲ್ಲಿ ಅವರ ಕಡೆ ತಿರುಗಿದರು. ತಮ್ಮ ಶಾಲು ತೆಗೆದು ಗಂಡನ ಹೆಗಲಿಗೆ ಹೊದಿಸಿ, ತುಂಬಾ ಅಕ್ಕರೆಯಿಂದ, "ಸ್ವಲ್ಪನೂ ನಿದ್ದೆ ಬರ್ತಿಲ್ವಾ?" ಎಂದು ಕೇಳಿದರು. ಅಷ್ಟು ಅಕ್ಕರೆಯ ದನಿ ಡಾಕ್ಟರು ಕೇಳಿ ಬಹಳ ಕಾಲವಾಗಿತ್ತು. ಅದಕ್ಕೆ ಕಾರಣವೇನೆಂದು ಹೊಳೆದಾಗ ಪೆಚ್ಚಾಗಿ, ಕಣ್ಣು ಮುಚ್ಚಿ ಮಲಗಿದವರ ಹಾಗೆ ನಟಿಸುತ್ತಾ ಚಿತ್ರ ಮುಗಿಯುವ ತನಕ ಕೂತರು.

ಈ ಸಂಕಟವನ್ನು ಬಗೆಹರಿಸಿದವರು ಫೈರ್ ಸಾಹೇಬರ ಹೆಂಡತಿ. ಕನ್ನಡಕದ ಕಾಲು ಸರಿ ಮಾಡಿಸಲು ಅಂಗಡಿಗೆ ಬಂದವರ ಹತ್ತಿರ ಡಾಕ್ಟರ ಹೆಂಡತಿ ದುಃಖ ತೋಡಿಕೊಂಡರು. ಇವರೂ ತಮ್ಮದನ್ನು ತೋಡಿಕೊಂಡರು: ತಮ್ಮ ಗಂಡ ಪ್ರತಿ ಸೀನಿಗೂ ಮೊಣಕೈಯಲ್ಲಿ ತಿವಿದು ತಿವಿದು ಪಕ್ಕೆಲುಬು ನೋಯುತ್ತದೆ. ಹೆಂಗಸರಿಬ್ಬರೂ ಅಲ್ಲೇ ಒಪ್ಪಂದ ಮಾಡಿಕೊಂಡರು. ಒಂದೇ ಚಿತ್ರಮಂದಿರದಲ್ಲಿ ಮೂರು ಪರದೆಗಳಿವೆ. ತಾವಿಬ್ಬರೂ ಹೊಸ ಕೊಲೆ ಸಿನಿಮಾಗೆ ಹೋಗುವುದು. ಗಂಡಸರಿಬ್ಬರನ್ನೂ ಪಕ್ಕದ ಹಾರಾಟಕ್ಕೆ ಕಳಿಸುವುದು. ಕೊಲೆ ಸಿನಿಮಾ ತಪ್ಪಿತೆಂದು ಫೈರ್ ಸಾಹೇಬರು ಮುಖ ಊದಿಸಿಕೊಂಡರು. ಹೆಂಡತಿ ಪಕ್ಕೆ ಮುಟ್ಟಿ ತೋರಿಸಿದ ಮೇಲೆ ತೆಪ್ಪಗಾದರು.

ಪರದೆಯ ಮೇಲೆ ಮೊದಲ ಕಟ್ಟಡಕ್ಕೆ ಬೆಂಕಿ ಬೀಳುವ ತನಕ ಸಾಹೇಬರು ಸುಮ್ಮನಿದ್ದರು.

"ಡಾಕ್ಟ್ರೇ, ನೋಡಿ ಇಲ್ಲಿ. ಉಫ್ ಅಂತ ಊದಿ ಬೆಂಕಿ ಆರಿಸ್ತಾನೆ. ಊದಿದ್ರೆ ಬೆಂಕಿ ಇನ್ನೂ ಜೋರಾಗುತ್ತೆ ಕಣ್ರೀ."

"ನೀವು ಅದನ್ನ ನೋಡ್ತಿದ್ದೀರಾ? ಊದುವಾಗ ಅವನ ಮುಂದಿನ ಹಲ್ಲು ನೋಡಿ. ಅದು ಕಟ್ಟಿಸಿದ್ದು. ಕಟ್ಟಿದವನು ಒಳ್ಳೆ ಕೆಲಸಗಾರ."

"ಹೌದಾ? ಮತ್ತೆ ಆ ಖಳನಾಯಕನದು?"

"ಅವನ ಒಸಡು ಸರಿ ಇಲ್ಲ. ಅದಕ್ಕೇ ಅಷ್ಟು ಸಿಟ್ಟು."

ಫೈರ್ ಸಾಹೇಬರು ಸೀಟು ಅಲ್ಲಾಡುವಂತೆ ನಕ್ಕರು. ತನ್ನ ಮಾತಿಗೆ, ಬಾಯಲ್ಲಿ ಹತ್ತಿ ಇಲ್ಲದ ಮನುಷ್ಯನೊಬ್ಬ ಮನಸಾರೆ ನಕ್ಕದ್ದನ್ನು ಕಂಡು ಡಾಕ್ಟರಿಗೆ ಎದೆಯೊಳಗೆ ಏನೋ ಬೆಚ್ಚಗಾಯಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ತಿರುಗಿ, "ಅಪ್ಪಾ, ಮಾತಾಡೋದಿದ್ರೆ ಹೊರಗೆ ಹೋಗಿ ಮಾತಾಡಿ, ನನಗೆ ಆ ಹುಡುಗ ಬದುಕ್ತಾನಾ ಇಲ್ವಾ ನೋಡ್ಬೇಕು," ಎಂದರು.

ಇಬ್ಬರೂ ತಲೆ ತಗ್ಗಿಸಿಕೊಂಡು ಹೊರಗೆ ಬಂದು, ಪಡಸಾಲೆಯ ಬೆಂಚಿನ ಮೇಲೆ ಕೂತರು. ಗೋಡೆಯಾಚೆ ಒಂದಾದ ಮೇಲೊಂದು ಕಟ್ಟಡ ಉರುಳುವ ಸದ್ದು ಕೇಳುತ್ತಿತ್ತು. ಸಾಹೇಬರು ಏಣಿಯ ಉದ್ದದ ಬಗ್ಗೆ, ಡಾಕ್ಟರು ಬುದ್ಧಿಹಲ್ಲಿನ ಬಗ್ಗೆ ಹೇಳುತ್ತಾ ಹೋದರು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮಾತು ಎತ್ತಿಕೊಳ್ಳುತ್ತಿದ್ದರು.

ಹೆಂಗಸರು ತಮ್ಮ ಚಿತ್ರ ಮುಗಿಸಿ, ಅತ್ತು ಕೆಂಪಾದ ಕಣ್ಣು ಒರೆಸಿಕೊಳ್ಳುತ್ತಾ ಬಂದರು.

"ಹೇಗಿತ್ತು?" ಎಂದರು ಡಾಕ್ಟರ ಹೆಂಡತಿ.

ಗಂಡಸರು ಮುಖ ಮುಖ ನೋಡಿಕೊಂಡರು.

"ಪರವಾಗಿಲ್ಲ," ಎಂದರು ಫೈರ್ ಸಾಹೇಬರು. "ಹುಡುಗ ಬದುಕಿದ."

"ಹಲ್ಲೂ ಉಳಿದವು," ಎಂದರು ಡಾಕ್ಟರು.