ಲವೇಡಾ ಅಲ್ಲ, ಲವೇಡಿ

ಸಾರೆಲ್ ಫೋರ್ಕ್ ಕಣಿವೆಯ ನಾವು ಹಾಡುಗಳನ್ನು ಓದಿ ಕಲಿತವರಲ್ಲ. ಭಾನುವಾರ ಚರ್ಚಿನ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಒಂದು ಸಾಲನ್ನು ಹೇಳಿಕೊಡುತ್ತಾರೆ, ನಾವೆಲ್ಲ ಅದನ್ನೇ ಎಳೆದು ಹಾಡಿ ಹಿಂದಿರುಗಿಸುತ್ತೇವೆ. ಆಮೇಲೆ ಮುಂದಿನ ಸಾಲು. ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚುವ ತನಕ ಅವಳ ಬಾಯಲ್ಲಿ ಒಂದು ಸಾಲೂ ತಪ್ಪಲಿಲ್ಲ. ಕಿವಿಯಿಂದ ಬಂದದ್ದನ್ನು ನಾವು ನಂಬುತ್ತೇವೆ. ಆ ನಂಬಿಕೆಯೇ ಲವೇಡಾ ಸ್ಟಿಡಮ್ ಅಕ್ಕನ ಚುನಾವಣೆಯನ್ನು ಮುಳುಗಿಸಿತು ಎಂದು ಚುನಾವಣೆ ನಡೆಸುವ ಕೌಂಟಿ ಕಚೇರಿಯವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ.

ಅಕ್ಕ ನಮ್ಮ ಕಣಿವೆಯ ಶಾಲಾ ಬಸ್ಸು ಓಡಿಸುತ್ತಿದ್ದಳು. ಗುಡ್ಡದ ಮೇಲಿನ ಗಣಿಯವರು ಕಲ್ಲಿದ್ದಲು ತೊಳೆದ ಕೆಸರನ್ನು ಹಳೆಯ ಸುರಂಗಗಳಿಗೆ ಬಿಟ್ಟ ಮೇಲೆ ನಮ್ಮ ಬಾವಿಗಳ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು. ಬಸ್ಸು ಹತ್ತುವ ಮಕ್ಕಳ ಕೈಕಾಲಿನಲ್ಲಿ ಹುಣ್ಣುಗಳಾದವು. ಅಕ್ಕ ಎರಡೂ ದೊಡ್ಡ ಪಕ್ಷದವರ ಬಾಗಿಲಿಗೆ ಹೋದಳು. ಇಬ್ಬರೂ ಅವಳಿಗೆ ಕಾಫಿ ಕೊಟ್ಟರು, ಇಬ್ಬರೂ ಗಣಿಯವರಿಂದ ಚಂದಾ ತೆಗೆದುಕೊಂಡರು. ಅವಳು ಯಾರೂ ಕೇಳದ ಒಂದು ಸಣ್ಣ ಪಕ್ಷದಿಂದ ಕಾಂಗ್ರೆಸ್ಸಿಗೆ, ಅಂದರೆ ನಮ್ಮ ದೇಶದ ಸಂಸತ್ತಿಗೆ, ನಿಂತಳು. ಸೋತಳು. ಎರಡು ವರ್ಷಕ್ಕೆ ಮತ್ತೆ ನಿಂತಳು, ಮತ್ತೆ ಸೋತಳು. ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

ಅಂಗಡಿಯ ಒಲೆಯ ಸುತ್ತ ಕೂತವರಿಗೆ ಅದೊಂದು ತಮಾಷೆ.

"ನೀನ್ ನಿಂತ್ರೆ ಓಟು ಒಡೆದು ಆ ಕಳ್ಳ ಗೆಲ್ತಾನೆ ಕಣೇ ಲವೇಡಿ."

"ಯಾವ ಕಳ್ಳನಪ್ಪಾ?"

"ನಮ್ಮೋನಲ್ಲ. ಆ ಕಡೆಯೋನು."

"ನಿನ್ನೆ ಆ ಕಡೆಯೋರೂ ಇದನ್ನೇ ಅಂದ್ರು. ಅಂತೂ ಇಬ್ಬರೂ ಕಳ್ಳರು ಅಂತ ನೀವೇ ಒಪ್ಕೊಂಡ್ರಿ ಬಿಡು."

ಮೂರನೆಯ ಸಲ ನಿಂತಾಗ ಶಾಲೆಯ ಆಟದ ಸಭಾಂಗಣದಲ್ಲಿ ಅಭ್ಯರ್ಥಿಗಳ ಚರ್ಚೆ ಇತ್ತು. ವೇದಿಕೆಯ ಮೇಲೆ ದೊಡ್ಡ ಪಕ್ಷಗಳ ಇಬ್ಬರಿಗೆಂದು ಎರಡೇ ಕುರ್ಚಿ. ಅಕ್ಕ ತನ್ನ ಬಾವಿಯ ನೀರನ್ನು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ತುಂಬಿಕೊಂಡು ನೇರ ವೇದಿಕೆಯ ಬುಡಕ್ಕೆ ನಡೆದಳು.

"ಮೇಡಂ, ಇರೋದು ಎರಡೇ ಕುರ್ಚಿ," ಎಂದ ಚರ್ಚೆ ನಡೆಸುವವ.

"ಕುರ್ಚಿ ಬೇಡ ಸಾರ್. ಎರಡು ಲೋಟ ತರ್ಸಿ. ಇವ್ರಿಬ್ರೂ ಕುಡೀಲಿ, ನಾನು ನಿಂತ್ಕೊಂಡೇ ನೋಡ್ತೀನಿ."

ಪೊಲೀಸಿನವ ಬಂದು ಮೊಣಕೈ ಹಿಡಿದು ಅವಳನ್ನು ಹೊರಗೆ ಕರೆದೊಯ್ದ. ಅವನೂ ಅವಳ ಬಸ್ಸಿನಲ್ಲಿ ಶಾಲೆಗೆ ಹೋದವನೇ. ಬಾಗಿಲು ದಾಟುವ ತನಕ ತಲೆ ಎತ್ತಲಿಲ್ಲ. ಒಳಗೆ ಆ ಇಬ್ಬರು ಬಾಟಲಿಯ ನೀರು ಕುಡಿಯುತ್ತ, ನಮ್ಮ ಬಾವಿಗಳು ಚೆನ್ನಾಗಿವೆ ಎಂದು ನಮಗೇ ಹೇಳಿದರು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಆ ಮೂರನೆಯ ಸಲ ಅವಳ ಹೆಸರನ್ನು ಮತಪತ್ರದಲ್ಲಿ ಅಚ್ಚು ಮಾಡಲೇ ಇಲ್ಲ. ಸಣ್ಣ ಪಕ್ಷದವರ ಹೆಸರು ಅಚ್ಚಾಗಬೇಕಾದರೆ ಇಂತಿಷ್ಟು ಜನರ ಸಹಿ ಬೇಕು. ಅವಳಿಗಾಗಿ ಸಹಿ ಹಾಕಿದವರು ಮನೆಯ ವಿಳಾಸದ ಬದಲು ಅಂಚೆ ಕಚೇರಿಯಲ್ಲಿರುವ ತಮ್ಮ ಪೆಟ್ಟಿಗೆಯ ಸಂಖ್ಯೆ ಬರೆದಿದ್ದಾರೆ ಎಂದು ಆ ಸಹಿಗಳನ್ನೆಲ್ಲ ತಳ್ಳಿಹಾಕಿದರು. ನಮ್ಮ ಮನೆಗಳಿಗೆ ಬೇರೆ ವಿಳಾಸ ಇದ್ದರೆ ತಾನೇ. ಉಳಿದದ್ದು ಒಂದೇ ದಾರಿ. ಮತಪತ್ರದ ಕೊನೆಯಲ್ಲಿ ಒಂದು ಖಾಲಿ ಗೆರೆ ಇರುತ್ತದೆ. ಮತ ಹಾಕುವವರೇ ಅಲ್ಲಿ ಅವಳ ಹೆಸರನ್ನು ಕೈಯಾರೆ ಬರೆಯಬೇಕು. ನೂರಕ್ಕೆ ಎರಡರಷ್ಟು ಮತ ಎಣಿಕೆಗೆ ಸಿಕ್ಕರೆ ಸಾಕು, ಮುಂದಿನ ಸಲ ಯಾರ ಸಹಿಯೂ ಬೇಕಿಲ್ಲದೆ ಪಕ್ಷದ ಹೆಸರು ತಾನಾಗಿ ಅಚ್ಚಾಗುತ್ತದೆ. ಅಕ್ಕ ಗೆಲುವನ್ನು ಕೇಳಲಿಲ್ಲ. ಆ ಎರಡನ್ನು ಕೇಳಿದಳು.

ಹೆಸರನ್ನು ಜನಕ್ಕೆ ಕಲಿಸುವುದು ಹೇಗೆ? ಸಭೆಯಲ್ಲಿ ಹಾಡು ಹೇಳಿಕೊಡುವ ಎಸ್ಟಿಲ್ ಅಣ್ಣನನ್ನು ಕೇಳಿದೆ.

"ದೇವರ ಮನೇಲಿ ರಾಜಕೀಯ ಬೇಡಮ್ಮ ತಂಗಿ."

"ಹೊರಗೆ, ಊಟದ ಹೊತ್ನಲ್ಲಿ? ಆ ಮರದ ಕೆಳಗೆ?"

ಅಣ್ಣ ಗಡ್ಡದಲ್ಲಿದ್ದ ಮೆಕ್ಕೆಜೋಳದ ರೊಟ್ಟಿಯ ಪುಡಿ ಕೊಡವಿಕೊಂಡು ಯೋಚಿಸಿದ. "ಮರ ಯಾವ ಪಕ್ಷದ್ದೂ ಅಲ್ವಲ್ಲ."

ಮುಂದಿನ ಭಾನುವಾರ ಸಭೆಯ ನಂತರದ ಊಟದಲ್ಲಿ, ಆ ಮರದ ಕೆಳಗೆ, ಬೀನ್ಸ್ ಕಾಳು ಬೇಯಿಸಿದ ಪಾತ್ರೆಗಳ ನಡುವೆ ನಿಂತು ಅವನು ಆ ಹೆಸರನ್ನು ಪ್ರಾರ್ಥನೆಯ ಸಾಲಿನಂತೆ ಎಳೆದು ಹೇಳಿದ. ಅಷ್ಟೂ ಜನ ಹಾಡಿ ಹಿಂದಿರುಗಿಸಿದರು. ಮತ್ತೆ ಹೇಳಿದ, ಮತ್ತೆ ಹಾಡಿದರು. ಅಕ್ಕ ಮೊದಲು ನಕ್ಕಳು, ಆಮೇಲೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡಳು.

ಅಣ್ಣ ಹೇಳಿಕೊಟ್ಟದ್ದು "ಲವೇಡಿ" ಎಂದು. ನಮ್ಮ ಬೆಟ್ಟದ ನಾಲಿಗೆಯೇ ಹಾಗೆ, 'ಆ' ಎಂದು ಮುಗಿಯುವ ಹೆಸರು ಇಲ್ಲಿ 'ಇ' ಎಂದು ಮುಗಿಯುತ್ತದೆ. ಐಡಾ ಎಂಬವಳು ಐಡಿ, ಮಾರ್ಥಾ ಎಂಬವಳು ಮಾರ್ಥಿ. ಹುಟ್ಟಿದಂದಿನಿಂದ ಕೇಳಿದ ಸದ್ದಿನಲ್ಲಿ ತಪ್ಪು ಹುಡುಕಲು ಅಲ್ಲಿ ಯಾರಿಗೂ ತೋಚಲಿಲ್ಲ.

ಜನ ಮತಗಟ್ಟೆಗೆ ಹೋಗಿ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದರು.

ಎಣಿಕೆಯ ದಿನ ಕೌಂಟಿ ಕಚೇರಿಯಲ್ಲಿ ನಾನು ಅಕ್ಕನ ಪಕ್ಕದಲ್ಲಿದ್ದೆ. ಗುಮಾಸ್ತ ವೆಂಡಲ್ ಕ್ರೇಸ್ ಖಾಲಿ ಗೆರೆ ತುಂಬಿದ ಮತಪತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿ ಪಕ್ಕದ ಪೆಟ್ಟಿಗೆಗೆ ಹಾಕತೊಡಗಿದ. ಪೆಟ್ಟಿಗೆ ತುಂಬಿತು. ಇನ್ನೊಂದನ್ನು ತರಿಸಿದ.

"ಅವುಗಳ್ನ ಯಾಕ್ ಪಕ್ಕಕ್ಕೆ ಹಾಕ್ತಿದೀಯ?" ಎಂದಳು ಅಕ್ಕ.

"ಹೆಸರು ತಾಳೆ ಆಗಲ್ಲ. ನೀನು ಕೊಟ್ಟ ಅರ್ಜೀಲಿರೋದು ಲವೇಡಾ."

"ಮತ್ತೆ ಇವರು ಬರೆದಿರೋದು ಯಾರ್ನ?"

ಮೇಜಿನ ಎರಡು ತುದಿಯಲ್ಲಿ ಎರಡು ದೊಡ್ಡ ಪಕ್ಷಗಳ ಪ್ರತಿನಿಧಿಗಳು ಕೂತಿದ್ದರು. ಹೊರಗೆ ಬಿಸಿಲಿದೆಯೋ ಮೋಡವಿದೆಯೋ ಎಂಬುದರಲ್ಲೂ ಒಮ್ಮತ ಇಲ್ಲದವರು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ತಾಳೆ ಆಗಲ್ಲ.

ವೆಂಡಲ್ ಕೈ ಚೆಲ್ಲಿದ. "ನಾನೇನ್ ಮಾಡ್ಲಿ ಹೇಳು, ಲವೇಡಿ ಅಕ್ಕ? ಲವೇಡಿ ಅನ್ನೋ ಅಭ್ಯರ್ಥೀನೇ ಇಲ್ವಲ್ಲ."

ತಾನು ಏನು ಹೇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಅವನ ತಾಯಿ ಆಲ್ಟಾ. ಬದುಕಿಡೀ ಆಲ್ಟಿ ಎಂದು ಕರೆಸಿಕೊಂಡೇ ಹೋದವಳು. ನದಿ ದಾಟುವಲ್ಲಿ ಕಾದು ನಿಂತು, ಒಂದು ಮಾತನ್ನು ಹೇಳಿಸಿ, ನಾಲಿಗೆ ಹೊರಳದವರನ್ನು ಕೊಂದ ಕಾವಲುಗಾರರ ಧರ್ಮಗ್ರಂಥದ ಕಥೆಯನ್ನು ನಾನು ಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ಕಾವಲುಗಾರರು ಕನಿಷ್ಠ ಬೇರೆ ಕುಲದವರು. ಇವನು ನಮ್ಮ ನಾಲಿಗೆಯಲ್ಲೇ ಮಾತಾಡುತ್ತ ನಮ್ಮ ನಾಲಿಗೆಯನ್ನು ಕೊಯ್ದ.

ಆ ಪೆಟ್ಟಿಗೆಗಳಲ್ಲಿದ್ದದ್ದು ನೂರಕ್ಕೆ ಎರಡಕ್ಕಿಂತ ಹೆಚ್ಚೇ ಎಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಎಣಿಕೆಗೆ ಬಂದದ್ದು ಬೆರಳೆಣಿಕೆಯಷ್ಟು. ಪತ್ರಿಕೆಯಲ್ಲಿ, ಕಣಿವೆಯ ಜನ ಅವಳನ್ನು ತಿರಸ್ಕರಿಸಿದರು ಎಂದು ಬಂತು.

ಮುಂದಿನ ಸೋಮವಾರ ಅಕ್ಕ ನನ್ನನ್ನು ಕರೆದುಕೊಂಡು ಮತ್ತೆ ಅದೇ ಕಚೇರಿಗೆ ಹೋದಳು. ಹೆಸರು ಬದಲಿಸುವ ಅರ್ಜಿ ಬೇಕೆಂದಳು. ನನಗೆ ತಡೆಯಲಾಗಲಿಲ್ಲ.

"ತಪ್ಪು ಮಾಡ್ದೋರು ಅವರು. ಹೆತ್ತಮ್ಮ ಇಟ್ಟ ಹೆಸರನ್ನ ನೀನ್ಯಾಕೆ ಬಿಡ್ಬೇಕು ಅಕ್ಕ?"

"ನಮ್ಮಮ್ಮ ಲವೇಡಿ ಅಂತ್ಲೇ ಕೂಗ್ತಿದ್ಲು. ಆ ಲವೇಡಾ ಅನ್ನೋದು ಆಸ್ಪತ್ರೆಯೋರು ಬರ್ಕೊಂಡಿದ್ದು. ಮತ್ತೆ ಸಹಿ ಎತ್ತೋಕೆ ಹೊರಡ್ಬೇಕು ನಾನು. ನಮ್ಮ ಜನ ಬಾಯಿ ತಿದ್ಕೊಳ್ಳೋದು ಬೇಡ, ಇವರ ಕಾಗದ ತಿದ್ಲಿ."

ವೆಂಡಲ್ ಪೆನ್ನು ತೆಗೆದ. ಮುಖ ಕೆಂಪಾಗಿತ್ತು. "ಹೊಸ ಹೆಸರು ಹೇಳು."

"ನೀನೇ ಹೇಳು. ಚಿಕ್ಕಂದಿನಿಂದ ಕರೀತಾ ಇದೀಯಲ್ಲ."

ಅವನು ಪೆನ್ನನ್ನು ಕಾಗದಕ್ಕೆ ತಾಗಿಸಿ ಮತ್ತೆ ಎತ್ತಿದ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

"ಲವೇಡಿ," ಎಂದ ಕೊನೆಗೆ.

"ಹಾಂ. ಈಗ ಹೇಳ್ದಂಗೇ ಬರ್ಕೋ."